ಲೈಟ್ ಲೋಡ್‌ಗೆ ಅಂತ ಮಾರಿದ ಕಿಟ್ ಹಾಕಿದ್ಮೇಲೆ ಗನ್ ಮುಂಚೆಗಿಂತ ಕೆಟ್ಟಿದೆ, ದುಡ್ಡು ವಾಪಸ್ ಕೊಡಿ

ನಮಸ್ಕಾರ ಸರ್,

ಇದೇ ವಿಷ್ಯ ಇಂಗ್ಲಿಷಲ್ಲಿ ಬರೆದು ಕಳಿಸಿದಾಗೆಲ್ಲ "ನಿಮ್ಮ ತಾಳ್ಮೆಗೆ ಧನ್ಯವಾದ" ಅನ್ನೋ ರೆಡಿಮೇಡ್ ಮೇಲ್ ಒಂದೇ ಬರ್ತಿದೆ. ಕೊನೆಗೆ ಫೋನ್ ಮಾಡ್ದಾಗ ನಿಮ್ಮ ಆರ್ಡರ್ ನೋಡ್ಕೊಳ್ಳೋ ಮೇಡಂ ನನ್ ಹೆಸರು ಕೇಳಿದ್ದೇ ಕನ್ನಡದಲ್ಲಿ ಶುರು ಮಾಡಿದ್ರು, ಓನರ್ರೂ ಹಾಸನ ಕಡೆಯವ್ರೇ, ಬರೆದು ಕಳ್ಸಿ, ಅವ್ರೇ ಓದ್ತಾರೆ ಅಂದ್ರು. ಅದಕ್ಕೆ ಬರೀತಿದೀನಿ. ನಾನೂ ಸಕಲೇಶಪುರದೋನು. ಊರ ಕಡೆಯವ್ರು ಅಂತ ಸಲಿಗೆ ತಗೊಂಡು ಬೈಯೋಕೆ ಹೋಗಲ್ಲ, ಹಾಗಂತ ಬಿಡೋದೂ ಇಲ್ಲ.

ವಿಷ್ಯ ಏನಂದ್ರೆ, ರೆಮಿಂಗ್ಟನ್ 1100 ಅನ್ನೋ, ಗ್ಯಾಸ್ ಬಲದಲ್ಲಿ ತಾನೇ ತೋಟಾ ತುಂಬ್ಕೊಳ್ಳೋ ಶಾಟ್‌ಗನ್ನಿಗೆ ಅಂತ ನೀವು ಮಾರ್ತಿರೋ ಕಿಟ್. ಒಂದೇ ಪೀಸ್ ಸ್ಟೇನ್‌ಲೆಸ್ ಪಿಸ್ಟನ್, ಎಕ್ಸ್‌ಟ್ರಾ ಪವರ್ ಆಕ್ಷನ್ ಸ್ಪ್ರಿಂಗ್, ಜೊತೆಗೆ ವೈಟಾನ್ (ಬಿಸಿ ತಡ್ಕೊಳ್ಳೋ ರಬ್ಬರ್) ಓ-ರಿಂಗ್ ಪ್ಯಾಕೆಟ್, ಶಿಪ್ಪಿಂಗ್ ಬಿಟ್ಟು 89 ಡಾಲರ್. ಪೇಜಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದೀರಿ, ಲೈಟ್ ಟಾರ್ಗೆಟ್ ಲೋಡಲ್ಲೂ ಗ್ಯಾರಂಟಿ ಸೈಕ್ಲಿಂಗ್ ಅಂತ, ಅಂದ್ರೆ ಕಮ್ಮಿ ಬಲದ ತೋಟಾದಲ್ಲೂ ಗನ್ ಖಾಲಿದನ್ನ ಹೊರಗೆ ಹಾಕಿ ಹೊಸದನ್ನ ತುಂಬ್ಕೊಳ್ಳುತ್ತೆ ಅಂತ. ನಾನು ತಗೊಂಡಿದ್ದು ಆ ಒಂದು ಸಾಲು ನಂಬ್ಕೊಂಡು.

ನನ್ ಗನ್ ಹಳೇದು, 12 ಗೇಜು, ಎರಡೂ ಮುಕ್ಕಾಲು ಇಂಚಿನ ಛೇಂಬರ್ (ತೋಟಾ ಕೂರೋ ಜಾಗ), ಇಪ್ಪತ್ತಾರು ಇಂಚಿನ ಸ್ಕೀಟ್ (ಹಾರೋ ತಟ್ಟೆ ಹೊಡೆಯೋ ಆಟ) ಬ್ಯಾರಲ್. 1100 ಬಂದಿದ್ದು 1963ರಲ್ಲಿ, ಅದ್ರ ಒದೆತ ಮೆತ್ತಗೆ ಅಂತಾನೇ ಅರ್ಧ ಅಮೇರಿಕ ಅದನ್ನ ಭುಜಕ್ಕಿಟ್ಟಿದ್ದು, ನಿಮಗೆ ಗೊತ್ತಿರೋದೇ. 32 ಗ್ರಾಂ ಚರೆ ಇರೋ ತೋಟಾದಲ್ಲಿ ಒಂದಿನಾನೂ ತೊಂದ್ರೆ ಕೊಟ್ಟಿಲ್ಲ. ನನ್ನ ಹೆಂಡ್ತಿನೂ ಸ್ಕೀಟ್ ಆಡೋಕೆ ಶುರು ಮಾಡಿದ್ಳು, ಅವ್ಳಿಗೆ ಅಂತ 28 ಗ್ರಾಮಿನ ಕಮ್ಮಿ ಒದೆತದ ತೋಟಾ ತಂದ್ವಿ, ಆಗ ಅಲ್ಲೊಂದು ಇಲ್ಲೊಂದು ಸಿಕ್ಕಾಕ್ಕೊಳ್ಳೋದು. ಅಷ್ಟೇ ಕಾಯಿಲೆ ಇದ್ದಿದ್ದು. ಸ್ಕೀಟಲ್ಲಿ ಡಬಲ್ಸ್ ಇರುತ್ತೆ, ಎರಡು ತಟ್ಟೆ ಒಟ್ಟಿಗೆ ಹಾರುತ್ತೆ, ಮೊದಲ್ನೇದು ಒಡೆದು ಎರಡ್ನೇದಕ್ಕೆ ತಿರುಗಿದಾಗ ಬಂದೂಕು ಬಾಯಿ ಬಿಟ್ಕೊಂಡು ನಿಂತಿದ್ರೆ ಹೊಟ್ಟೆ ಉರಿಯುತ್ತೆ. ನಮ್ಮೂರಲ್ಲಿ ತೋಟ ಕಾಯೋಕೆ ಇದ್ದ ಜೋಡುನಳಿಗೆ ಕೋವೀಲಿ ಈ ತಲೆನೋವೇ ಇರ್ಲಿಲ್ಲ ಬಿಡಿ, ಮಡ್ಚಿ ತುಂಬು, ಹೊಡಿ, ಮತ್ತೆ ಮಡ್ಚು, ಅದ್ರಲ್ಲಿ ಗ್ಯಾಸೂ ಇಲ್ಲ ಪಿಸ್ಟನ್ನೂ ಇಲ್ಲ.

ರೆಮಿಂಗ್ಟನ್ ಕಂಪನಿ 2020ರಲ್ಲಿ ಎರಡನೇ ಸಲ ದಿವಾಳಿ ಅರ್ಜಿ ಹಾಕಿ ತುಂಡುತುಂಡಾಗಿ ಮಾರಾಟ ಆದ್ಮೇಲೆ ಒರಿಜಿನಲ್ ಪಾರ್ಟ್ಸ್ ಹುಡುಕೋದೇ ಒಂದು ಕೆಲ್ಸ ಆಗಿತ್ತಲ್ಲ, ಹಂಗಾಗೇ ನನ್ನಂಥೋರೆಲ್ಲ ನಿಮ್ಮಂಥ ಆಫ್ಟರ್‌ಮಾರ್ಕೆಟ್ ಅಂಗಡಿಗೆ ಬಂದಿದ್ದು. ಆಫ್ಟರ್‌ಮಾರ್ಕೆಟ್ ಅಂದ್ರೆ ಮೂಗು ಮುರಿಯೋನಲ್ಲ ನಾನು, ಬೇರೆ ಕಡೆ ತಗೊಂಡ ಫಾಲೋವರ್ರು, ಚೋಕ್ ಎಲ್ಲ ಚೆನ್ನಾಗೇ ಇವೆ.

ಈಗ ಕಿಟ್ ಹಾಕಿದ್ಮೇಲೆ ಆಗಿದ್ದು ಹೇಳ್ತೀನಿ. ಭುಜಕ್ಕಿಡೋ ಸ್ಟಾಕ್ ಬಿಚ್ಚಿ ಹೊಸ ಸ್ಪ್ರಿಂಗ್ ಹಾಕ್ದೆ, ತೋಟಾ ತುಂಬೋ ಮ್ಯಾಗಝಿನ್ ಟ್ಯೂಬ್ ಫಳಫಳ ಅನ್ನೋ ಹಾಗೆ ಒರೆಸಿ ಹೊಸ ಪಿಸ್ಟನ್ ಹಾಕ್ದೆ, ಮುಂದಿನ ಗ್ರೂವಲ್ಲಿ ನಿಮ್ಮ ಓ-ರಿಂಗ್ ಕೂರಿಸ್ದೆ, ಎಲ್ಲಾ ನಿಮ್ಮದೇ ಸೂಚನೆ ಪ್ರಕಾರ. ರೇಂಜಿಗೆ ಹೋದ್ರೆ, ಮುಂಚೆ ಅಪರೂಪಕ್ಕೆ ಸಿಕ್ಕಾಕ್ಕೊಳ್ತಿದ್ದ ಗನ್ ಈಗ ಬಾಕ್ಸ್ ಅರ್ಧ ಆಗೋ ಮುಂಚೆನೇ ಮುಷ್ಕರ. ಖಾಲಿ ಹಲ್ (ಹೊಡೆದ ತೋಟಾದ ಕವಚ) ಅರ್ಧ ಹೊರಗೆ ಬಂದು, ಛೇಂಬರ್ ಮುಚ್ಚೋ ಬೋಲ್ಟಿಗೂ ಹಲ್ ಹೊರಬೀಳೋ ಇಜೆಕ್ಷನ್ ಪೋರ್ಟಿಗೂ ನಡುವೆ ಕಚ್ಕೊಂಡು ನಿಲ್ಲುತ್ತೆ. ಇಲ್ಲಾಂದ್ರೆ ಹಲ್ ಹಾರಿ ಹೋಗುತ್ತೆ, ಹೊಸ ತೋಟಾ ಮೇಲೆ ಬರೋದೇ ಇಲ್ಲ, ಬೋಲ್ಟ್ ಖಾಲಿ ಛೇಂಬರ್ ಮೇಲೆ ಮುಚ್ಕೊಂಡು ಕೂತಿರುತ್ತೆ, ಟ್ರಿಗರ್ ಎಳೆದ್ರೆ ಟಿಕ್ ಅನ್ನುತ್ತೆ ಅಷ್ಟೇ. ಒಂದೇ ಒಂದು ತೋಟಾ ಹಾಕಿ ಹೊಡೆದು ನೋಡ್ದೆ, 1100ರಲ್ಲಿ ಕೊನೇ ತೋಟಾ ಹಾರಿದ್ಮೇಲೆ ಬೋಲ್ಟ್ ಹಿಂದೆ ಲಾಕ್ ಆಗಿ ನಿಲ್ಬೇಕು. ನಿಲ್ಲಲಿಲ್ಲ. ಅಂದ್ರೆ ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗ್ತಾನೇ ಇಲ್ಲ, ಶಾರ್ಟ್ ಸ್ಟ್ರೋಕ್. ಇದನ್ನ ನಿಮ್ಮ ಟೆಕ್ನಿಷಿಯನ್‌ಗೂ ಹೇಳಿದೀನಿ, ವಿಡಿಯೋನೂ ಕಳ್ಸಿದೀನಿ.

ಅವ್ರು ಚಾಟಲ್ಲಿ ಕೊಟ್ಟ ಉತ್ತರ ನಂಗಿನ್ನೂ ಅರ್ಥ ಆಗಿಲ್ಲ ಸರ್. ಸ್ಪ್ರಿಂಗ್ ಸ್ಟ್ರಾಂಗ್ ಇದ್ದಷ್ಟೂ ರಿಲಯಬಿಲಿಟಿ ಜಾಸ್ತಿ ಅಂತೆ. ಹೇಗೆ? ನಳಿಗೆಯಲ್ಲಿರೋ ಪೋರ್ಟಿಂದ ಗ್ಯಾಸ್ ಕೆಳಗೆ ಸಿಲಿಂಡರಿಗೆ ಬರುತ್ತೆ, ಪಿಸ್ಟನ್ ಹಿಂದಕ್ಕೆ ಹೊಡೆಯುತ್ತೆ, ಪಿಸ್ಟನ್ ಆಕ್ಷನ್ ಬಾರ್ ಸ್ಲೀವನ್ನ ದೂಡುತ್ತೆ, ಅದು ಬೋಲ್ಟನ್ನ ಎಳ್ಕೊಂಡು ಹಿಂದೆ ಹೋಗುತ್ತೆ, ಸ್ಟಾಕ್ ಒಳಗಿರೋ ಸ್ಪ್ರಿಂಗ್ ಅದನ್ನ ತಡೆದು ಮತ್ತೆ ಮುಂದಕ್ಕೆ ಕಳ್ಸುತ್ತೆ. ಲೈಟ್ ಲೋಡಲ್ಲಿ ಮೊದಲೇ ದೂಡೋ ಶಕ್ತಿ ಕಮ್ಮಿ. ಅದ್ರ ಎದುರಿಗೆ ಇನ್ನೂ ಗಟ್ಟಿ ಸ್ಪ್ರಿಂಗ್ ಇಟ್ರೆ ಬೋಲ್ಟ್ ಅರ್ಧ ದಾರೀಲೇ ವಾಪಸ್ ಬರ್ದೆ ಇನ್ನೇನ್ ಮಾಡುತ್ತೆ? ಇಡೀ ದಿನ ಭಾರೀ ಲೋಡೇ ಹೊಡೆಯೋರಿಗೆ ಆ ಸ್ಪ್ರಿಂಗ್ ಸರಿ, ಬೋಲ್ಟ್ ಹೋಗಿ ರಿಸೀವರಿಗೆ ಗುದ್ದೋದು ಕಮ್ಮಿ ಆಗುತ್ತೆ, ಒಪ್ಕೋತೀನಿ. ಹಳೇ ಸ್ಪ್ರಿಂಗ್ ಸವೆದು ಸುಸ್ತಾಗಿ ಬೋಲ್ಟ್ ಸರಿಯಾಗಿ ಮುಚ್ತಿಲ್ಲ ಅನ್ನೋರಿಗೆ ಹೊಸದು ಬೇಕು, ಅದೂ ಫ್ಯಾಕ್ಟರಿ ಬಲದ್ದು. ಆದ್ರೆ ನೀವು ಮಾರ್ತಿರೋದು ಲೈಟ್ ಲೋಡ್ ಕಿಟ್ ಅನ್ನೋ ಹೆಸರಲ್ಲಿ. ಜ್ವರ ಬಂದೋನಿಗೆ ಕಂಬಳಿ ಹೊದ್ಸೋದು ಬೇರೆ, ಅವ್ನ ಮೇಲೆ ಅಕ್ಕಿ ಮೂಟೆ ಹೇರೋದು ಬೇರೆ ಸರ್.

ಎರಡ್ನೇದು ಪಿಸ್ಟನ್. ಫ್ಯಾಕ್ಟರೀದು ಎರಡು ಬೇರೆ ಬೇರೆ ಪೀಸು, ಪಿಸ್ಟನ್ ಒಂದು, ಅದ್ರ ಸೀಲ್ ರಿಂಗ್ ಒಂದು. ನೀವು ಎರಡನ್ನೂ ಸೇರ್ಸಿ ಒಂದು ಮಾಡಿ ಕೊಟ್ಟಿದೀರಿ, ಐಡಿಯಾ ಕೆಟ್ಟದ್ದಲ್ಲ, ಉಲ್ಟಾ ಹಾಕೋ ಚಾನ್ಸ್ ಕಮ್ಮಿ ಆಗುತ್ತೆ. ಆದ್ರೆ ತಣ್ಣಗಿದ್ದಾಗ್ಲೇ ಅದು ಸಿಲಿಂಡರ್ ಒಳಗೆ ಬೆರಳಲ್ಲಿ ಒತ್ತಿದ್ರೆ ಹೋಗಲ್ಲ, ಹೆಬ್ಬೆರಳು ಊರಿ ದೂಡ್ಬೇಕು. ಫ್ಯಾಕ್ಟರೀದು ತಾನಾಗೇ ಜಾರುತ್ತೆ. ನಾನೂ ಮೆಕ್ಯಾನಿಕಲ್ ಓದಿದೋನೇ, ಸಾಮಾನ್ಯ 300 ಸೀರೀಸ್ ಸ್ಟೇನ್‌ಲೆಸ್ ಬಿಸಿಯಾದ್ರೆ ಮಾಮೂಲಿ ಸ್ಟೀಲಿಗಿಂತ ಜಾಸ್ತಿ ಹಿಗ್ಗುತ್ತೆ, ಒಂದು ಡಿಗ್ರಿಗೆ ಮೀಟರಿಗೆ 17 ಮೈಕ್ರಾನ್ ಹತ್ರ, ಸ್ಟೀಲ್ 12ರ ಹತ್ರ. ಎರಡು ಬಾಕ್ಸ್ ಬಿಡದೆ ಹೊಡೆದು ಫೋರೆಂಡ್ (ನಳಿಗೆ ಕೆಳಗಿನ ಹಿಡಿ) ಮುಟ್ಟೋಕಾಗಲ್ಲ ಅನ್ನೋ ಹೊತ್ತಿಗೆ ಹೊರಗಡೆ ಇದ್ದ ಅಷ್ಟಿಷ್ಟು ಗ್ಯಾಪೂ ಮುಚ್ಕೊಂಡು ಪಿಸ್ಟನ್ ಉಜ್ಜೋಕೆ ಶುರು ಮಾಡುತ್ತೆ, ಅದೇ ಹೊತ್ತಿಗೆ ಒಳಗಡೆ ಮ್ಯಾಗಝಿನ್ ಟ್ಯೂಬ್ ಸುತ್ತ ಅದು ಸಡಿಲ ಆಗುತ್ತೆ, ಗ್ಯಾಸ್ ಆ ಕಡೆಯಿಂದ ಸೋರುತ್ತೆ. ಬಿಗಿ ಇರ್ಬೇಕಾದ ಕಡೆ ಸಡಿಲ, ಸಡಿಲ ಇರ್ಬೇಕಾದ ಕಡೆ ಬಿಗಿ. ಸಿಲಿಂಡರ್ ಒಳಗೆ ಉದ್ದಕ್ಕೆ ಗೀರು ಬಿದ್ದಿದೆ, ಫೋಟೋ ಹಾಕಿದೀನಿ, ದೊಡ್ಡದು ಮಾಡಿ ನೋಡಿ. ಯಾವ ಗ್ರೇಡ್ ಸ್ಟೇನ್‌ಲೆಸ್ ಅಂತ ಕೇಳಿದ್ದಕ್ಕೆ "ಹೈ ಕ್ವಾಲಿಟಿ" ಅಂತ ಉತ್ತರ ಬಂದಿದೆ. ಅದು ಯಾವ ಗ್ರೇಡು ಸರ್?

ನಂಗೆ ನಿಜವಾಗ್ಲೂ ಸಿಟ್ಟು ಬಂದಿದ್ದು ಓ-ರಿಂಗ್ ವಿಷ್ಯದಲ್ಲಿ. 1100ರ ಪ್ರಾಣ ಇರೋದೇ ಆ ರಬ್ಬರ್ ಉಂಗುರದಲ್ಲಿ, ಅದು ಹರಿದ್ರೆ ಗ್ಯಾಸ್ ಪಿಸ್ಟನ್ನನ್ನ ತಳ್ಳೋ ಬದ್ಲು ಮುಂದಿನಿಂದ ಪುಸ್ ಅಂತ ಹೋಗ್ಬಿಡುತ್ತೆ. ವೈಟಾನ್ ಆದ್ರೆ 200 ಡಿಗ್ರಿ ಸೆಲ್ಸಿಯಸ್‌ವರೆಗೂ ತಡ್ಕೊಳ್ಳುತ್ತೆ, ಮಾಮೂಲಿ ನೈಟ್ರೈಲ್ ರಬ್ಬರ್ ಅದ್ರ ಅರ್ಧಕ್ಕೇ ಒದ್ದಾಡೋಕೆ ಶುರು. ನಿಮ್ಮ ರಿಂಗ್ ಕಂದು ಬಣ್ಣ, ನೋಡಿದ ತಕ್ಷಣ ವೈಟಾನೇ ಅನ್ಸುತ್ತೆ, ಆದ್ರೆ ಬಣ್ಣ ಯಾವ್ದು ಬೇಕಾದ್ರೂ ಹಾಕ್ಬೋದು. ಮೊದಲ್ನೇ ರಿಂಗ್ ಸುಟ್ಟು ಗಟ್ಟಿಯಾಗಿ ಎರಡು ಕಡೆ ಸೀಳು ಬಿಟ್ಟಿತ್ತು, ಫೋರೆಂಡ್ ಒಳಗೆ ಮುಂಭಾಗ ಎಲ್ಲಾ ಕಪ್ಪು ಮಸಿ. ಅನುಮಾನ ಬಂದು, ಇಂಡಸ್ಟ್ರಿಯಲ್ ಸೀಲ್ ಮಾರೋರ ಹತ್ರ ಸರ್ಟಿಫಿಕೇಟ್ ಇರೋ ವೈಟಾನ್ ರಿಂಗ್ ಅದೇ ಸೈಜಿಂದು ತರ್ಸಿ, ಹೆಂಡ್ತಿ ಚಿನ್ನ ತೂಗೋ ಪುಟ್ಟ ಸ್ಕೇಲಲ್ಲಿ ಎರಡನ್ನೂ ಇಟ್ಟೆ. ವೈಟಾನಿನ ಸಾಂದ್ರತೆ 1.8ರ ಸುತ್ತ, ನೈಟ್ರೈಲಿಂದು 1.2ರ ಸುತ್ತ, ಒಂದೇ ಅಳತೆ ಇದ್ರೆ ತೂಕದಲ್ಲೇ ಗೊತ್ತಾಗ್ಬಿಡುತ್ತೆ. ನಿಮ್ಮದು ಅಸಲಿ ವೈಟಾನ್ ರಿಂಗಿನ ಮೂರರಲ್ಲಿ ಎರಡು ಭಾಗ ಮಾತ್ರ ತೂಗ್ತು. ಪ್ಯಾಕೆಟಲ್ಲಿ ಮಿಕ್ಕಿದ್ದ ರಿಂಗ್ ಎಲ್ಲಾನೂ ಇಟ್ಟು ನೋಡ್ದೆ, ಎಲ್ಲಾ ಅದೇ ಕಥೆ. ನೀವು ಸಪ್ಲೈಯರ್ ಹತ್ರ ಮೋಸ ಹೋಗಿದೀರೋ ಅಥವಾ ಗೊತ್ತಿದ್ದೇ ಹಾಕ್ತಿದೀರೋ ನಂಗೊತ್ತಿಲ್ಲ, ಅದನ್ನ ನೀವೇ ಹೇಳ್ಬೇಕು.

ಇನ್ನೊಂದು ಕೇಳಿ. ನಿಮ್ಮ ಸ್ಪ್ರಿಂಗ್, ನಿಮ್ಮ ಪಿಸ್ಟನ್ ಎರಡೂ ತೆಗೆದು ಹಳೇ ಫ್ಯಾಕ್ಟರಿ ಪಾರ್ಟ್ಸ್ ವಾಪಸ್ ಹಾಕಿ, ಆ ಅಸಲಿ ವೈಟಾನ್ ರಿಂಗ್ ಒಂದನ್ನ ಮಾತ್ರ ಹೊಸದಾಗಿ ಹಾಕ್ದೆ. ಹೆಂಡ್ತಿ ಅದೇ 28 ಗ್ರಾಮಿನ ತೋಟಾದಲ್ಲಿ ಪೂರ್ತಿ ರೌಂಡ್ ಆಡಿದ್ಳು, ಒಂದೂ ಸಿಕ್ಕಾಕ್ಕೊಳ್ಳಲಿಲ್ಲ, ಕೊನೇದಕ್ಕೆ ಬೋಲ್ಟ್ ಹಿಂದೆ ನಿಂತ್ಕೊಳ್ತು. ಆ ರಿಂಗಿನ ರೇಟು ನಿಮ್ಮ ಶಿಪ್ಪಿಂಗ್ ಚಾರ್ಜಿಗಿಂತ ಕಮ್ಮಿ.

ನಿಮ್ಮ ಟೆಕ್ನಿಷಿಯನ್ ಕೊಟ್ಟ ಇನ್ನೊಂದು ಸಲಹೆ ಬಗ್ಗೆ ಹೇಳ್ಲೇಬೇಕು, ಇದು ನನ್ನ ದುಡ್ಡಿಗಿಂತ ದೊಡ್ಡ ವಿಷ್ಯ. ಕಿಟ್ ಹಾಕಿನೂ ಸೈಕಲ್ ಆಗ್ತಿಲ್ಲ ಅಂದ್ರೆ ನಳಿಗೆಯ ಗ್ಯಾಸ್ ಪೋರ್ಟನ್ನ ಡ್ರಿಲ್ ಹಾಕಿ ದೊಡ್ಡದು ಮಾಡ್ಕೊಳ್ಳಿ ಅಂದ್ರು. ಯಾವ ಬ್ಯಾರಲ್ ಅಂತ ಕೇಳ್ಲಿಲ್ಲ, ಯಾವ ಛೇಂಬರ್ ಅಂತ ಕೇಳ್ಲಿಲ್ಲ, ಸ್ಪ್ರಿಂಗ್ ಟ್ಯೂಬಲ್ಲಿ ತುಕ್ಕು ಇದ್ಯಾ, ಅಂಟು ಕಟ್ಟಿದ್ಯಾ ಅಂತಾನೂ ಕೇಳ್ಲಿಲ್ಲ. 1100 ಗ್ಯಾಸನ್ನ ತಾನೇ ಅಳೆದು ಹೆಚ್ಚಾಗಿದ್ದನ್ನ ಹೊರಗೆ ಬಿಡೋ ಗನ್ ಅಲ್ಲ, ಆ ವ್ಯವಸ್ಥೆ ಬಂದಿದ್ದು 1987ರ ರೆಮಿಂಗ್ಟನ್ 11-87 ಮಾಡೆಲಲ್ಲಿ. ಹಂಗಾಗಿ 1100ರಲ್ಲಿ ಪೋರ್ಟ್ ಸೈಜೇ ಎಲ್ಲಾನೂ ತೀರ್ಮಾನ ಮಾಡೋದು. ಮೂರಿಂಚಿನ ಮ್ಯಾಗ್ನಮ್ ಬ್ಯಾರಲಿಗೆ ಪೋರ್ಟ್ ಸಣ್ಣದಿರೋದು ಭಾರೀ ತೋಟಾದಲ್ಲಿ ಗ್ಯಾಸ್ ಅತಿಯಾಗ್ಬಾರ್ದು ಅಂತ, ಅಂಥ ಬ್ಯಾರಲಲ್ಲಿ ಲೈಟ್ ಲೋಡ್ ಓಡ್ದೆ ಇರೋದು ಕಾಯಿಲೆನೇ ಅಲ್ಲ. ಅದನ್ನ ಕೊರೆದು ದೊಡ್ಡದು ಮಾಡ್ಕೊಂಡು ನಾಳೆ ಯಾರೋ ಮ್ಯಾಗ್ನಮ್ ಹೊಡೆದ್ರೆ ಬೋಲ್ಟ್ ಅತೀ ವೇಗದಲ್ಲಿ ಹೋಗಿ ಗುದ್ದುತ್ತೆ, ಪಾರ್ಟ್ಸ್ ಮುರಿಯುತ್ತೆ. ಕೊರೆದ ತೂತನ್ನ ಚಾಟಲ್ಲಿ ವಾಪಸ್ ಮುಚ್ಚೋಕೆ ಆಗಲ್ಲ. ನಾನು ಕೊರೀಲಿಲ್ಲ, ಆದ್ರೆ ಕೊರೆದೋರು ಇರ್ತಾರೆ.

ವಾಪಸ್ ಕಳಿಸ್ತೀನಿ ಅಂದ್ರೆ "ಒಮ್ಮೆ ಫಿಟ್ ಮಾಡಿದ ಪಾರ್ಟ್ ವಾಪಸ್ ಇಲ್ಲ" ಅಂತ ಪಾಲಿಸಿ ತೋರಿಸ್ತೀರಿ. ಫಿಟ್ ಮಾಡ್ದೆ ಸೈಕಲ್ ಆಗುತ್ತೋ ಇಲ್ವೋ ಅಂತ ಹೇಗೆ ನೋಡೋದು, ಟೇಬಲ್ ಮೇಲಿಟ್ಟು ಪೂಜೆ ಮಾಡಿಯಾ? ಪೇಜಲ್ಲಿ ಗ್ಯಾರಂಟಿ ಅಂತ ಇದೆ, ಪಾಲಿಸೀಲಿ ವಾಪಸ್ ಇಲ್ಲ ಅಂತ ಇದೆ, ಎರಡೂ ನಿಮ್ಮದೇ ಸೈಟಲ್ಲಿದೆ, ಸ್ಕ್ರೀನ್‌ಶಾಟ್ ತೆಗೆದಿಟ್ಟಿದೀನಿ.

ನಂಗೆ ಬೇಕಾಗಿರೋದು ಕಿಟ್ಟಿನ ಪೂರ್ತಿ ದುಡ್ಡು, ಹೋಗೋ ಬರೋ ಎರಡೂ ಕಡೆ ಶಿಪ್ಪಿಂಗ್ ನಿಮ್ಮದು. ಸ್ಟೋರ್ ಕ್ರೆಡಿಟ್ ಬೇಡ, ಮೇಡಂ ಫೋನಲ್ಲಿ ಅದನ್ನೇ ಹೇಳಿದ್ರು, ಪಾಪ ಅವ್ರ ತಪ್ಪಲ್ಲ. ಸಿಲಿಂಡರಿಗೆ ಬಿದ್ದ ಗೀರನ್ನ ಗನ್‌ಸ್ಮಿತ್ ಹತ್ರ ತೋರಿಸ್ತಿದೀನಿ, ಪಾಲಿಶ್ ಮಾಡಿದ್ರೆ ಹೋಗುತ್ತೆ ಅಂದ್ರೆ ಆ ಬಿಲ್ಲೂ ಕಳಿಸ್ತೀನಿ. ಆಮೇಲೆ ಪೇಜಲ್ಲಿ ಆ ಸ್ಪ್ರಿಂಗ್ ಭಾರೀ ಲೋಡಿಗೆ ಮಾತ್ರ ಅಂತ ಬರೀರಿ, ರಿಂಗಿಗೆ ವೈಟಾನ್ ಅನ್ನೋ ಹೆಸರು ತೆಗೀರಿ ಇಲ್ಲಾ ವೈಟಾನೇ ಹಾಕಿ, ಪೋರ್ಟ್ ಕೊರೆಯೋ ಸಲಹೆ ಚಾಟಲ್ಲಿ ಕೊಡೋದು ಇವತ್ತೇ ನಿಲ್ಸಿ. ಇದು ನನ್ನೊಬ್ಬನಿಗೆ ಅಂತ ಕೇಳ್ತಿರೋದಲ್ಲ.

ಎರಡು ವಾರ ಕಾಯ್ತೀನಿ. ಆಮೇಲೆ ಕ್ರೆಡಿಟ್ ಕಾರ್ಡ್ ಕಂಪನೀಲಿ ಡಿಸ್ಪ್ಯೂಟ್ ಹಾಕ್ತೀನಿ, ಟೆಕ್ಸಾಸ್ ಅಟಾರ್ನಿ ಜನರಲ್ ಆಫೀಸಿಗೆ ಗ್ರಾಹಕರ ದೂರೂ ಹೋಗುತ್ತೆ. ಇಲ್ಲಿನ ಮೋಸದ ವ್ಯಾಪಾರದ ಕಾನೂನಲ್ಲಿ ಕೇಸ್ ಹಾಕೋಕೆ ಸುಮಾರು ಎರಡು ತಿಂಗಳು ಮುಂಚೆ ಬರವಣಿಗೆಯಲ್ಲಿ ನೋಟಿಸ್ ಕೊಡ್ಬೇಕು, ಅಷ್ಟು ದೂರ ಹೋಗೋ ಆಸೆ ನಂಗಿಲ್ಲ, ಹೋಗ್ಬೇಕಾದ್ರೆ ಇದರದ್ದೇ ಇಂಗ್ಲಿಷ್ ಪ್ರತಿ ರಿಜಿಸ್ಟರ್ಡ್ ಪೋಸ್ಟಲ್ಲಿ ಬರುತ್ತೆ.

ಪಿಸ್ಟನ್, ಸ್ಪ್ರಿಂಗ್, ಸುಟ್ಟ ರಿಂಗ್, ಮಿಕ್ಕಿದ ರಿಂಗ್‌ಗಳು ಎಲ್ಲಾ ಒಂದು ಡಬ್ಬೀಲಿ ಹಾಕಿಟ್ಟಿದೀನಿ, ರಿಟರ್ನ್ ಲೇಬಲ್ ಕಳಿಸಿದ ದಿನವೇ ಪೋಸ್ಟ್ ಮಾಡ್ತೀನಿ. ಆರ್ಡರ್ ನಂಬರು, ವಿಡಿಯೋ, ತೂಕದ ಫೋಟೋ, ಚಾಟಿನ ಸ್ಕ್ರೀನ್‌ಶಾಟ್ ಎಲ್ಲಾ ಈ ಮೇಲ್ ಜೊತೆ ಇದೆ. ಫೋನ್ ಮಾಡೋದಾದ್ರೆ ಸಂಜೆ ಆರರ ಮೇಲೆ ಮಾಡಿ, ಟೆಕ್ನಿಷಿಯನ್ ಕೈಲಿ ಬೇಡ, ನೀವೇ ಮಾಡಿ.

ಇಂತಿ,
ನಿಮ್ಮ ಗ್ರಾಹಕ, ಡಲ್ಲಾಸ್‌ನಿಂದ