ಪೋಕ್ಸೊ: ಪ್ರೌಢಶಾಲೆಯಲ್ಲೇ ಅರಿವು ಮೂಡಲಿ

ಪರಸ್ಪರ ಪ್ರೀತಿಸಿ ಮನೆ ಬಿಟ್ಟುಹೋದ ಹದಿಹರೆಯದವರ ಪ್ರಕರಣಗಳಲ್ಲಿ ಹುಡುಗ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಆರೋಪಿಯಾಗಿ ನಿಂತ ಮೇಲಷ್ಟೇ ಎರಡೂ ಮನೆಯವರಿಗೆ ಈ ಕಾನೂನಿನ ಪರಿಚಯವಾಗುತ್ತಿರುವುದು ಕಳವಳಕಾರಿ ಸಂಗತಿ. 2012ರ ಈ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರ ಒಪ್ಪಿಗೆಗೆ ಮಾನ್ಯತೆಯಿಲ್ಲ. ಸ್ವಇಚ್ಛೆಯಿಂದಲೇ ಹೋದೆನೆಂದು ಹುಡುಗಿ ಹೇಳಿದರೂ, ಲೈಂಗಿಕ ಸಂಪರ್ಕ ಸಾಬೀತಾದರೆ 18 ತುಂಬಿದ ಹುಡುಗನಿಗೆ ಕನಿಷ್ಠ 10 ವರ್ಷ, ಆಕೆ 16ಕ್ಕಿಂತ ಕಿರಿಯಳಾಗಿದ್ದರೆ 20 ವರ್ಷ ಸೆರೆವಾಸವಿದೆ. ಬಾಲಕಿ ಗರ್ಭಿಣಿಯಾದರೆ ಪೊಲೀಸರಿಗೆ ತಿಳಿಸುವುದು ವೈದ್ಯರಿಗೆ ಕಡ್ಡಾಯವಾದ್ದರಿಂದ, ಹೆದರಿದ ಕುಟುಂಬ ಆಸ್ಪತ್ರೆಯನ್ನೇ ತಪ್ಪಿಸಿ ಆಕೆಯ ಜೀವವನ್ನು ಅಪಾಯಕ್ಕೆ ಒಡ್ಡುವ ಸಂಭವವೂ ಇದೆ.

ಮಕ್ಕಳಿಗೆ ರಕ್ಷಣೆ ನೀಡುವ ಕಾಯ್ದೆ ದುರ್ಬಲಗೊಳ್ಳುವುದು ಯಾರಿಗೂ ಬೇಡ. ವಯೋಮಿತಿ ಇಳಿಸದೆ, 16ರಿಂದ 18ರ ನಡುವಿನವರ ಸಮ್ಮತಿಯ ಪ್ರಕರಣಗಳಲ್ಲಿ ಶಿಕ್ಷೆಯ ವಿವೇಚನೆಯನ್ನು ನ್ಯಾಯಾಧೀಶರಿಗೆ ಬಿಡಬೇಕೆಂಬ ಕಾನೂನು ಆಯೋಗದ 2023ರ ಶಿಫಾರಸು ನನಗೆ ಸಮಂಜಸವೆನಿಸಿದೆ. ಆದರೆ ಅದು ಸಂಸತ್ತಿನಲ್ಲಿ ಆಗಬೇಕಾದ ಕೆಲಸ. 9ನೇ ತರಗತಿಯಿಂದಲೇ ಮಕ್ಕಳಿಗೆ ಪೋಕ್ಸೊ ಅರಿವು ಮೂಡಿಸಬೇಕೆಂದು ಹೈಕೋರ್ಟ್‌ನ ಧಾರವಾಡ ಪೀಠ 2022ರಲ್ಲೇ ರಾಜ್ಯಕ್ಕೆ ಸೂಚಿಸಿದೆ. ಶಿಕ್ಷಣ ಇಲಾಖೆಯು ಕಾನೂನು ಸೇವಾ ಪ್ರಾಧಿಕಾರದ ವಕೀಲರ ನೆರವಿನಿಂದ, ಪ್ರತಿ ವರ್ಷ ಶಾಲೆ ಆರಂಭವಾಗುವ ತಿಂಗಳಲ್ಲೇ ಎಲ್ಲ ಪ್ರೌಢಶಾಲೆ ಹಾಗೂ ಪದವಿಪೂರ್ವ ಕಾಲೇಜುಗಳಲ್ಲಿ ಹುಡುಗ, ಹುಡುಗಿಯರಿಗೂ ಅವರ ಪೋಷಕರಿಗೂ ಈ ಕುರಿತು ತಿಳಿವಳಿಕೆ ನೀಡಲಿ.

– ಒಬ್ಬ ಪೋಷಕ, ದಾವಣಗೆರೆ