ಯಾರೂ ಅನುಮಾನಿಸದವನೇ ಅಪರಾಧಿ ಆಗಬೇಕಿಲ್ಲ

ಪ್ರೀತಿಯ ತಮ್ಮನಿಗೆ,

ನಿನ್ನ ಹಸ್ತಪ್ರತಿ, ಅದರ ಜೊತೆಗಿಟ್ಟ ಉದ್ದನೆಯ ಕಾಗದ ಎರಡನ್ನೂ ಓದಿದೆ. ಕಾದಂಬರಿ ಎಷ್ಟು ಪುಟ ಇರಬೇಕು, ಯಾವ ಪ್ರಕಾಶಕರಿಗೆ ಕೊಡಬೇಕು, ಹಳೆಗಾಲದವರ ಬಾಯಲ್ಲಿ ಎಂಥ ಕನ್ನಡ ಆಡಿಸಬೇಕು ಎಂದೆಲ್ಲ ಕೇಳಿದ್ದೀಯ. ಅವು ಬರೆಯುತ್ತ ಬರೆಯುತ್ತ ತಾವಾಗಿ ಗೊತ್ತಾಗುತ್ತವೆ, ಬಿಡು. ನನ್ನನ್ನು ಕಾಡಿದ್ದು ನಿನ್ನ ಕೊನೆಯ ಸಾಲು. ‘ದಿ ಲಾಂಗೆಸ್ಟ್ ಡೇ ಇನ್ ಚಾಂಗ್‌ಆನ್’ ಎಂಬ ಚೀನೀ ಧಾರಾವಾಹಿ ನೋಡಿ ಮುಗಿಸಿದ ಮೇಲೆ ನಿನ್ನ ಇಕ್ಕೇರಿಯ ಕೊಲೆಯ ಕಥೆಯನ್ನು ಹರಿದು ಹಾಕಬೇಕು ಅನ್ನಿಸಿತಂತೆ, ಅಷ್ಟು ದೊಡ್ಡ ಊರು ಕಟ್ಟಲು ನಿನ್ನಿಂದ ಆಗುವುದಿಲ್ಲವಂತೆ.

ಹರಿಯಬೇಡ. ಆ ಧಾರಾವಾಹಿ 2019ರಲ್ಲಿ ಬಂತು. ಆಗಲೂ ನೋಡಿದ್ದೆ, ನಿನ್ನ ಕಾಗದ ಬಂದ ಮೇಲೆ ಮತ್ತೆ ನೋಡಿದೆ. ನೀನು ಅದರ ಗುಣ ಒಂದು ಕಡೆ, ದೋಷ ಒಂದು ಕಡೆ ಬರೆದಿದ್ದೀಯಲ್ಲ, ನಿನ್ನ ಕಾದಂಬರಿಗೆ ಏನಾಗಿದೆ ಎನ್ನುವುದೂ ಆ ಪಟ್ಟಿಯಲ್ಲೇ ಇದೆ.

ಗುಣಗಳಲ್ಲಿ ನೀನು ಮೊದಲು ಬರೆದದ್ದು ಸೆಟ್ಟು, ಉಡುಪು, ಆರಂಭದ ಆ ಉದ್ದನೆಯ ಶಾಟ್. ಒಪ್ಪುತ್ತೇನೆ, ಕಣ್ಣು ತುಂಬುತ್ತದೆ. ಆದರೆ ಕಥೆ ಓಡುವುದು ಅದರಿಂದಲ್ಲ. ಚೀನಾ ಆಳಿದ ಟಾಂಗ್ ವಂಶದವರ ರಾಜಧಾನಿ ಚಾಂಗ್‌ಆನ್ ನೂರಕ್ಕೂ ಮಿಕ್ಕಿದ ಕೇರಿಗಳ ಊರು. ಪ್ರತಿ ಕೇರಿಗೂ ಸುತ್ತ ಗೋಡೆ, ಗೋಡೆಗೆ ಬಾಗಿಲು. ಸಂಜೆ ನಗಾರಿ ಬಾರಿಸಿದರೆ ಬಾಗಿಲು ಮುಚ್ಚಬೇಕು. ಆಮೇಲೆ ಬೀದಿಯಲ್ಲಿ ಸಿಕ್ಕಿಬಿದ್ದವನಿಗೆ ಟಾಂಗ್ ಕಾನೂನಿನಂತೆ 20 ಛಡಿಯೇಟು. ಅವರ ದೀಪದ ಹಬ್ಬ ಬಂದಾಗ ಮಾತ್ರ ಈ ಕಟ್ಟಳೆ ಸಡಿಲ. ಕಥೆ ನಡೆಯುವ 744ನೇ ಇಸವಿಯಲ್ಲೇ, ವರ್ಷದ ಮೊದಲ ತಿಂಗಳ 14, 15, 16ನೇ ದಿನಗಳಂದು ಕೇರಿಯ ಬಾಗಿಲು ತೆರೆದಿಡಬೇಕೆಂದು ರಾಜಾಜ್ಞೆ ಹೊರಟಿತ್ತು. ಈಗ ಯೋಚಿಸು. ಊರಿಗೆ ಬೆಂಕಿ ಇಡುವವರು ಆಗಲೇ ಒಳಗೆ ಬಂದಿದ್ದಾರೆ. ಹಿಡಿಯಲು ಇರುವುದು ಒಂದು ದಿನ. ಕತ್ತಲಾಯಿತೆಂದರೆ ಎಲ್ಲ ಬಾಗಿಲೂ ತೆರೆದು ಊರಿಗೆ ಊರೇ ಬೀದಿಗೆ ಬರುತ್ತದೆ. ಬೇರೆ ಯಾವ ರಾತ್ರಿಯಾದರೂ ಈ ಕಥೆ ಇಲ್ಲ. ಭಯ ಹುಟ್ಟುತ್ತಿರುವುದು ಆ ಊರಿನ ಕಟ್ಟಳೆಯಿಂದ. ಇದನ್ನು ಬರೆಯಲು ಹಣ ಬೇಕಿಲ್ಲ ಮಾರಾಯ, ಊರು ಹೇಗೆ ನಡೆಯುತ್ತಿತ್ತು ಎಂಬುದು ಗೊತ್ತಿರಬೇಕು. ಘಟ್ಟದ ಮೆಣಸು ಹೊನ್ನಾವರಕ್ಕೆ ಇಳಿಯುವ ದಾರಿಯ ಸುಂಕದ ಕಟ್ಟೆಗಳ ಮೇಲೆ ನೀನು ಬರೆದ ಆರನೇ ಅಧ್ಯಾಯದಲ್ಲಿ ಅದೇ ಬಲ ಇದೆ. ಅದನ್ನು ಎರಡು ಸಲ ಓದಿದೆ. ಅಂಥದ್ದು ಬರೆದವನಿಗೆ ಹರಿದು ಹಾಕುವ ಮಾತು ಹೇಗೆ ಬಂತು?

ನೀನು ದೋಷ ಎಂದು ಹಾಕಿದ ಕೆಲವು ನನಗೆ ದೋಷ ಅನ್ನಿಸಲಿಲ್ಲ. ಚಕ್ರವರ್ತಿಯ ನಲ್ಲೆ ಯಾಂಗ್ ಗುಯ್‌ಫೇಯನ್ನು ಯಾನ್ ಯುಹುವಾನ್ ಮಾಡಿದ್ದು, ಕವಿ ಹ ಝಿಝಾಂಗ್ ಹೆಸರು ತಿದ್ದಿದ್ದು, ಇರಲಿ. ಚರಿತ್ರೆಯವರ ಹೆಸರು ತಿದ್ದಿಕೊಂಡರೆ ಕಥೆಗಾರನಿಗೆ ಕೈಕಾಲು ಆಡಿಸಲು ಜಾಗ ಸಿಗುತ್ತದೆ. ನನ್ನ ತಕರಾರು ಇರುವುದು ಗುಣಗಳ ಪಟ್ಟಿಯಲ್ಲಿ ನೀನು ಅಡಿಗೆರೆ ಹಾಕಿ ಬರೆದ ಒಂದರ ಬಗ್ಗೆ: ‘ಕೊನೆಯ ತಿರುವು ಅದ್ಭುತ, ಕಡತ ನೋಡುವ ಶು ಬಿನ್ ಮೇಲೆ ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ.’

ಯಾಕೆ ಬರಲಿಲ್ಲ ಎಂದು ಕೇಳಿಕೊಂಡೆಯಾ?

ಬೆಂಕಿ ಇಡುವವರನ್ನು ಹಿಡಿಯಲು ಹೊರಟ ಝಾಂಗ್ ಶಿಯಾವ್‌ಜಿಂಗ್ ಯಾರು? ಗಲ್ಲಿಗೆ ಕಾದಿದ್ದ ಕೈದಿ. ಹಿಂದೆ ಪಶ್ಚಿಮದ ಗಡಿಯಲ್ಲಿ ಸೈನಿಕ, ಆಮೇಲೆ ಊರಲ್ಲಿ ಕಳ್ಳರನ್ನು ಹಿಡಿಯುವವರ ಮುಖ್ಯಸ್ಥ. ಜೊತೆಗೆ ಕಾದಾಡಿದ ಗೆಳೆಯನನ್ನು ಜಾಗದ ಆಸೆಗೆ ಕೊಂದವರ ಮೇಲೆ ಸೇಡು ತೀರಿಸಿಕೊಂಡು ಜೈಲಿಗೆ ಬಿದ್ದವನು. ಲೋಂಗ್ ಬೊ ಯಾರು? ಅದೇ ಗಡಿಯ ಕೋಟೆಯಲ್ಲಿ ಅವನ ಪಕ್ಕದಲ್ಲೇ ನಿಂತು, ಬಾರದ ಸಹಾಯಕ್ಕೆ ಕಾದು, ಕಣ್ಣೆದುರಿಗೇ ತನ್ನವರು ಸತ್ತದ್ದನ್ನು ಕಂಡವನು. ಇಬ್ಬರಿಗೂ ಗಾಯ ಒಂದೇ. ಒಬ್ಬ ಚಾಂಗ್‌ಆನ್‌ನ ಬಡಬಗ್ಗರಿಗಾಗಿ ಊರು ಉಳಿಸಲು ಓಡುತ್ತಾನೆ, ಇನ್ನೊಬ್ಬ ಅದೇ ಊರನ್ನು ಸುಡಲು ಹೊರಡುತ್ತಾನೆ. ಇವರು ಎದುರುಬದುರಾದಾಗ ನನ್ನ ಮೈ ನಡುಗಿತು. ಲೋಂಗ್ ಬೊ ಅಪರಾಧಿ ಎಂದು ನಮಗೆ ಬಹಳ ಮೊದಲೇ ಗೊತ್ತು, ಆದರೂ ಕುತೂಹಲ ಒಂದಿಷ್ಟೂ ತಗ್ಗುವುದಿಲ್ಲ. ಅವನ ಸಿಟ್ಟನ್ನು ಹುಟ್ಟಿಸಿದ್ದು ಆ ಸಾಮ್ರಾಜ್ಯವೇ. ಇನ್ನು ಹನ್ನೊಂದು ವರ್ಷಕ್ಕೆ, 755ರಲ್ಲಿ, ಗಡಿಯ ಸೇನಾಪತಿ ಆನ್ ಲುಷಾನ್ ದಂಗೆಯೆದ್ದು ಅದನ್ನು ಅಲ್ಲಾಡಿಸಿಬಿಡುತ್ತಾನೆ ಎಂಬುದು ಗೊತ್ತಿದ್ದವನಿಗೆ ಆ ಸಿಟ್ಟು ಇನ್ನೂ ಭಾರವಾಗಿ ಕಾಣುತ್ತದೆ.

ಇಷ್ಟೆಲ್ಲ ಕೈಯಲ್ಲಿದ್ದೂ ಧಾರಾವಾಹಿ ಮಾಡಿದವರಿಗೆ ಸಾಕಾಗಲಿಲ್ಲ. ಕಡತಗಳ ನಡುವೆ ಕೂತಿದ್ದ, ಅಸಾಧಾರಣ ನೆನಪಿನ ಶು ಬಿನ್‌ನನ್ನು ಎಬ್ಬಿಸಿ ತಂದು, ಎಲ್ಲದರ ಹಿಂದೆ ಇದ್ದವನು ಇವನು ಅಂದರು. ಝಾಂಗ್‌ನನ್ನು ಈ ಕೆಲಸಕ್ಕೆ ಆರಿಸಿಕೊಟ್ಟವನೂ ಇವನೇ. ಕಾರಣ ಏನು? ತನ್ನ ಯೋಗ್ಯತೆಯನ್ನು ಮೇಲಿನವರು ಗುರುತಿಸಲಿಲ್ಲ ಎಂಬ ಕೊರಗು. ಕೊರಗು ನಿಜವೇ ಇರಬಹುದು. ಆದರೆ ಇಡೀ ಊರನ್ನು ಸುಡಿಸುವಷ್ಟು ದೊಡ್ಡದಾಗಿ ಅದು ಬೆಳೆದದ್ದನ್ನು ನಾವು ನೋಡಲಿಲ್ಲ, ನಮಗೆ ತೋರಿಸಲಿಲ್ಲ. ತೋರಿಸಿದ್ದರೆ ನಿನಗೆ ಅನುಮಾನ ಬಂದುಬಿಡುತ್ತಿತ್ತಲ್ಲ! ನಿನ್ನನ್ನು ಬೆಚ್ಚಿಬೀಳಿಸಲು ಅವನ ಮನಸ್ಸನ್ನೇ ಮುಚ್ಚಿಟ್ಟರು. ಅದಕ್ಕೆ ನೀನು ಚಪ್ಪಾಳೆ ಹೊಡೆದೆ.

ಚೀನಾದ ಹಳೆಯ ಪತ್ತೇದಾರಿ ಕಥೆಗಳಿಗೆ ಈ ಚಟ ಇರಲಿಲ್ಲ. ಡಚ್ ರಾಯಭಾರಿ ರಾಬರ್ಟ್ ವಾನ್ ಗುಲಿಕ್, ನ್ಯಾಯಾಧಿಕಾರಿ ಡಿ ರೆನ್‌ಜಿಯೆ ಕುರಿತ ಹಳೆಯ ಕಾದಂಬರಿಯೊಂದನ್ನು ಇಂಗ್ಲಿಷಿಗೆ ತಂದು 1949ರಲ್ಲಿ ಟೋಕಿಯೊದಲ್ಲಿ ಅಚ್ಚು ಹಾಕಿಸಿದರು. ಅದರ ಮುನ್ನುಡಿಯಲ್ಲಿ ಹೇಳುತ್ತಾರೆ: ಚೀನೀ ಸಂಪ್ರದಾಯದಲ್ಲಿ ಅಪರಾಧಿ ಯಾರು, ಯಾಕೆ ಮಾಡಿದ ಎನ್ನುವುದನ್ನು ಸಾಮಾನ್ಯವಾಗಿ ಮೊದಲೇ ಹೇಳಿಬಿಡುತ್ತಾರೆ. ಪಾಶ್ಚಾತ್ಯ ಓದುಗರಿಗೆ ಒಗ್ಗಲೆಂದು ವಾನ್ ಗುಲಿಕ್ ಹಾಗಿಲ್ಲದ ಕೃತಿಯನ್ನು ಹುಡುಕಿ ಆರಿಸಿಕೊಂಡರು. ಆದರೆ ಆ ಮೊದಲೇ ಹೇಳುವ ಧೈರ್ಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಹೆಸರು ಹೇಳಿದ ಮೇಲೂ ಓದುಗನನ್ನು ಕೂರಿಸಬೇಕಾದರೆ ಬರೆಯುವವನು ಮನುಷ್ಯನನ್ನೇ ಬಗೆಯಬೇಕು, ಬೇರೆ ದಾರಿ ಇಲ್ಲ.

ಇದರಲ್ಲಿ ನನಗೆ ಹಳೆಯ ಸಿಟ್ಟೂ ಇದೆ. ವಾರಪತ್ರಿಕೆಯೊಂದರಲ್ಲಿ ನನ್ನ ಕಾದಂಬರಿ ಬರುತ್ತಿದ್ದಾಗ ಅರ್ಧ ದಾರಿಯಲ್ಲೇ ಓದುಗರು ಕೊಲೆಗಾರನನ್ನು ಊಹಿಸಿ ಕಾಗದ ಬರೆದರು. ನನಗೆ ಸಂತೋಷವಾಯಿತು, ಅವರು ಅವನನ್ನು ಅರ್ಥ ಮಾಡಿಕೊಂಡಿದ್ದರು. ಸಂಪಾದಕರು ಕರೆಸಿ, ಕೊಲೆಗಾರನನ್ನು ಬದಲಿಸಿ, ಇನ್ನೂ ಕೆಲವು ವಾರ ಎಳೆಯಿರಿ ಅಂದರು. ಆಗುವುದಿಲ್ಲ ಎಂದೆ. ಆ ಪತ್ರಿಕೆಯಲ್ಲಿ ಮತ್ತೆ ನನ್ನ ಒಂದು ಸಾಲೂ ಬರಲಿಲ್ಲ. ಇಂದಿಗೂ ಆ ಮಾತು ನೆನಪಾದರೆ ರಕ್ತ ಕುದಿಯುತ್ತದೆ. ಚಾಂಗ್‌ಆನ್ ಧಾರಾವಾಹಿಯ ಹಿಂದೆಯೂ ಅಂಥ ಲೆಕ್ಕ ಇತ್ತೇ ಎಂದು ನಾನು ಹೇಳಲಾರೆ, ಆದರೆ 48 ಕಂತು, ಕಂತಿಗೆ ಸುಮಾರು ಮುಕ್ಕಾಲು ಗಂಟೆ ಎಂದರೆ 24 ಗಂಟೆಯ ಕಥೆ ಹೇಳಲು 36 ಗಂಟೆ ಆಯಿತು. ಹಿಂದಿನರ್ಧ ಸಡಿಲವಾಗಿದೆ ಎಂದು ನೀನೇ ಬರೆದಿದ್ದೀಯ, ಅಷ್ಟು ಸರಿಯಾಗಿ ಹಿಡಿದಿದ್ದೀಯ.

ಈಗ ನಿನ್ನ ಕಾದಂಬರಿಗೆ ಬರುತ್ತೇನೆ. ಮೆಣಸಿನ ವ್ಯಾಪಾರಿಯನ್ನು ಕೊಂದವರು ಅರಮನೆಯ ಪಾಠ ಹೇಳುವ ಗುರುಗಳು! ಅವರು ಮೂರು ಅಧ್ಯಾಯದಲ್ಲಿ ಬರುತ್ತಾರೆ, ಮೂರರಲ್ಲೂ ಶ್ಲೋಕ ಹೇಳಿ ಹೋಗುತ್ತಾರೆ. ಅವರನ್ನು ನೀನು ಆರಿಸಿದ್ದು ಯಾರೂ ಅನುಮಾನಿಸುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಆರನೇ ಅಧ್ಯಾಯದ ಸುಂಕದವನನ್ನು ಮತ್ತೆ ಓದು. ಹೊರೆ ಎಣಿಸುವುದು ಅವನು, ಕಡಿಮೆ ಬಿದ್ದದ್ದಕ್ಕೆ ತಲೆ ಕೊಡಬೇಕಾದವನೂ ಅವನು. ವ್ಯಾಪಾರಿ ಅವನ ಮಗನ ಮುಂದೆಯೇ ಅವನನ್ನು ಕಳ್ಳ ಅನ್ನುತ್ತಾನೆ. ಅದನ್ನು ಬರೆದವನು ನೀನೇ, ತಮ್ಮಾ. ಅಷ್ಟು ಬರೆದು ಅವನನ್ನು ಅಲ್ಲೇ ಬಿಟ್ಟು ಹೋಗಿದ್ದೀಯ.

ಗುರುಗಳನ್ನು ಪಾಠ ಹೇಳಲು ಬಿಡು. ಸುಂಕದವನು ಕೊಂದ ಎಂದು ಮೊದಲ ಪುಟದಲ್ಲೇ ಹೇಳಿ, ಅಲ್ಲಿಂದ ಬರೆ. ದೀಪಾವಳಿಯೊಳಗೆ ಮೊದಲ ನಾಲ್ಕು ಅಧ್ಯಾಯ ನನಗೆ ಬರಬೇಕು. ಟೈಪ್ ಮಾಡಿ ಕಳಿಸು, ನಿನ್ನ ಕೈಬರಹ ಓದಿ ನನ್ನ ಕಣ್ಣು ಸೋತಿದೆ.

ಇಂತು ನಿನ್ನ ಹಿತೈಷಿ