ಗಡಸು ನೀರಿನ ತೊಟ್ಟಿಗೆ ಒಗ್ಗುವ ಕುಬ್ಜ ಸಿಕ್ಲಿಡ್‌ಗಳು

ಮಾನ್ಯ ಸಂಪಾದಕರೇ,

ಕೊಡಗಿನ ನೀರೆಂದರೆ ಸುಣ್ಣದಂಶ ಕಡಿಮೆಯಿರುವ ಮೆದು ನೀರು ಎಂಬ ನಂಬಿಕೆ ಅಕ್ವೇರಿಯಂ ಹವ್ಯಾಸಿಗಳಲ್ಲಿ ಬೇರೂರಿದೆ. ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯ ತೆರೆದ ಬಾವಿ ಹಾಗೂ ಒರತೆಗಳ ಮಟ್ಟಿಗೆ ಅದು ಬಹುಪಾಲು ನಿಜವೂ ಹೌದು. ಆದರೆ ಮಳೆ ಕಡಿಮೆ ಬೀಳುವ ಪೂರ್ವದ ಅಂಚಿನಲ್ಲಿ, ಕುಶಾಲನಗರದ ಆಸುಪಾಸಿನಲ್ಲಿ ಕೊಳವೆಬಾವಿಯನ್ನೇ ನೆಚ್ಚಿಕೊಂಡಿರುವ ನಮ್ಮಂಥವರ ಮನೆಯಲ್ಲಿ ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುತ್ತದೆ, ಪರೀಕ್ಷಿಸಿದರೆ ಪಿಎಚ್ (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಮೇಲಿದ್ದರೆ ನೀರು ಕ್ಷಾರೀಯ) 8ರ ಹತ್ತಿರ ಬರುತ್ತದೆ. ಇಂಥ ಗಡಸು ನೀರಿಗೆ, ಪುಟ್ಟ ಅಲಂಕಾರಿಕ ಮೀನುಗಳಾದ ಕುಬ್ಜ ಸಿಕ್ಲಿಡ್‌ಗಳನ್ನು ತರುವವರಿಗೆ ಅಂಗಡಿಗಳಲ್ಲಿ ಮೀನಿನ ಜೊತೆಗೆ ಪಿಎಚ್ ಇಳಿಸುವ ದ್ರಾವಣದ ಬಾಟಲಿಯನ್ನೂ ಕೊಟ್ಟು ಕಳುಹಿಸುವುದು ರೂಢಿಯಾಗಿಬಿಟ್ಟಿದೆ. ಈ ರೂಢಿಯಿಂದ ಸಾಯುತ್ತಿರುವ ಮೀನುಗಳನ್ನು ಕಂಡು ಸಂಕಟವಾಗಿ ಈ ಪತ್ರ ಬರೆಯುತ್ತಿದ್ದೇನೆ.

ಕ್ಷಾರೀಯ ನೀರಿನ ಪಿಎಚ್ ಅಷ್ಟು ಸುಲಭವಾಗಿ ಇಳಿಯದಂತೆ ಹಿಡಿದಿಡುವುದು ಅದರಲ್ಲಿ ಕರಗಿರುವ ಬೈಕಾರ್ಬೊನೇಟ್. ದ್ರಾವಣದ ಆಮ್ಲ ಬಿದ್ದಾಗ ಬೈಕಾರ್ಬೊನೇಟಿನ ಒಂದಂಶ ಇಂಗಾಲದ ಡೈಆಕ್ಸೈಡ್ ಆಗಿ ಬದಲಾಗುವುದರಿಂದ ಪಿಎಚ್ ತಕ್ಷಣಕ್ಕೆ ಇಳಿದಂತೆ ಕಾಣುತ್ತದೆ. ಏರ್ ಪಂಪಿನ ಗುಳ್ಳೆಗಳೊಂದಿಗೆ ಆ ಅನಿಲ ಹೊರಟುಹೋದ ಮೇಲೆ ಪಿಎಚ್ ಮತ್ತೆ ಮೇಲೇರುತ್ತದೆ, ಮನೆಯವರು ಮತ್ತಷ್ಟು ಹನಿ ಸುರಿಯುತ್ತಾರೆ. ಹೀಗೆ ಸುರಿಯುತ್ತ ಹೋಗಿ ಬೈಕಾರ್ಬೊನೇಟ್ ಪೂರ್ತಿ ಮುಗಿದ ದಿನ ತಡೆಯುವವರೇ ಇಲ್ಲದೆ ಪಿಎಚ್ ಒಮ್ಮೆಲೇ ಕುಸಿಯುತ್ತದೆ. ಒಂದೇ ಮಟ್ಟದಲ್ಲಿ ನಿಂತ 8ರ ಪಿಎಚ್‌ಗೆ ಹೊಂದಿಕೊಂಡು ಬದುಕಬಲ್ಲ ಮೀನುಗಳು ಹಲವಿವೆ, ಈ ಏರಿಳಿತವನ್ನು ತಾಳಿಕೊಳ್ಳುವವು ತೀರಾ ವಿರಳ.

ಆದ್ದರಿಂದ ನೀರನ್ನು ಮೀನಿಗೆ ಹೊಂದಿಸುವ ಬದಲು ನೀರಿಗೆ ಒಗ್ಗುವ ಮೀನನ್ನು ಆರಿಸುವುದೇ ಸರಿಯಾದ ದಾರಿ. ಕುಬ್ಜ ಸಿಕ್ಲಿಡ್‌ಗಳೆಲ್ಲವೂ ಅಮೆಜಾನಿನ ಮೆದುವಾದ, ಆಮ್ಲೀಯ ಕಪ್ಪು ನೀರಿನವೇನಲ್ಲ. ಬೊಲಿವಿಯಾದ ರ‍್ಯಾಮ್ ಹಾಗೂ ಕಾಕಟೂ ಅಪಿಸ್ಟೊಗ್ರಾಮಾ, ತಮ್ಮ ಬಳಗದ ಇತರ ಮೀನುಗಳಿಗಿಂತ ಗಡಸುತನವನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ. ಟಾಂಗನಿಕಾ ಸರೋವರದ ನೀರಿನ ಪಿಎಚ್ 9ರ ಹತ್ತಿರವಿರುವುದರಿಂದ ಅಲ್ಲಿನ, ಬಸವನಹುಳುವಿನ ಖಾಲಿ ಚಿಪ್ಪಿನಲ್ಲಿ ವಾಸಿಸುವ ಪುಟಾಣಿ ಸಿಕ್ಲಿಡ್‌ಗಳಿಗೆ ನಮ್ಮ ಕೊಳವೆಬಾವಿಯ ನೀರೇ ಹಿತ. ಅವುಗಳಿಗೆ ಮಾತ್ರ ಪ್ರತ್ಯೇಕ ತೊಟ್ಟಿಯೇ ಮೇಲು. ಹಲವು ಜಾತಿಗಳು ಒಟ್ಟಿಗಿರುವ ತೊಟ್ಟಿಗೆ ನನ್ನ ಮೊದಲ ಆಯ್ಕೆ ಪಶ್ಚಿಮ ಆಫ್ರಿಕಾದ ಕ್ರಿಬೆನ್ಸಿಸ್.

ಮೂರಡಿ ಉದ್ದದ ತೊಟ್ಟಿಯಲ್ಲಿ ಒಂದು ಜೋಡಿ ಕ್ರಿಬೆನ್ಸಿಸ್ ಸಾಕು. ಇವು ತಳದಲ್ಲಿ ಬದುಕುವ ಮೀನುಗಳಾದ್ದರಿಂದ ತೊಟ್ಟಿಯ ಎತ್ತರಕ್ಕಿಂತ ತಳದ ವಿಸ್ತಾರ ಮುಖ್ಯ. ನುಣುಪಾದ ಮರಳು ಹಾಸಿ, ಬಾಯಿ ಚಿಕ್ಕದಾಗಿ ಕೊರೆದ ತೆಂಗಿನ ಕರಟವೊಂದನ್ನು ಮೂಲೆಯಲ್ಲಿ ಕವುಚಿಟ್ಟರೆ ಮನೆ ಸಿದ್ಧ. ಹೆಣ್ಣು ತನ್ನ ಕೆಂಪು ಹೊಟ್ಟೆ ಕಾಣುವಂತೆ ಮೈಯನ್ನು ಬಿಲ್ಲಿನಂತೆ ಬಾಗಿಸಿ ಗಂಡಿನೆದುರು ನಡುಗುತ್ತದೆ. ಮುಂದೆ ಮರಿಗಳು ಕರಟದಿಂದ ಹೊರಬಂದಾಗ ತಂದೆತಾಯಿಗಳೆರಡೂ ಅವನ್ನು ತಳದುದ್ದಕ್ಕೂ ಮೇಯಿಸುತ್ತವೆ. ಗುಂಪು ತಪ್ಪಿದ ಮರಿಯನ್ನು ಬಾಯಲ್ಲಿ ಹಿಡಿದು ತಂದು ಗುಂಪಿನ ನಡುವೆ ಉಗುಳುವುದನ್ನು ಒಮ್ಮೆ ನೋಡಿದವರು ಈ ಮೀನನ್ನು ಬಿಡಲಾರರು. ಅದೇ ಹೊತ್ತಿನಲ್ಲಿ ತಳದಲ್ಲೇ ಓಡಾಡುವ ಪುಟ್ಟ ಬೆಕ್ಕುಮೀನುಗಳಾದ ಕೋರಿಡೊರಾಸ್‌ಗಳನ್ನು ಅವು ನಿರ್ದಯವಾಗಿ ಕುಕ್ಕುತ್ತವೆ. ಕ್ಷಾರೀಯ ನೀರನ್ನೇ ಇಷ್ಟಪಡುವ, ಮೇಲ್ಭಾಗದಲ್ಲಿ ಈಜುವ ಪ್ಲಾಟಿ, ಸ್ವೋರ್ಡ್‌ಟೇಲ್, ರೈನ್‌ಬೋ ಮೀನುಗಳು ಒಳ್ಳೆಯ ಜೊತೆಗಾರರು. ಉದ್ದ ಬಾಲದ ಗಪ್ಪಿಯನ್ನು ಬಿಡದಿರುವುದು ಲೇಸು. ಕ್ರಿಬೆನ್ಸಿಸ್ ಮರಿಗಳು ಆಮ್ಲೀಯ ನೀರಿನಲ್ಲಿ ಬೆಳೆದರೆ ಗಂಡುಗಳ ಪ್ರಮಾಣ ಹೆಚ್ಚುವುದರಿಂದ, ನಮ್ಮ ನೀರಿನಲ್ಲಿ ಹೆಣ್ಣುಗಳೇ ಹೆಚ್ಚಾಗಿ ಕಂಡರೆ ಅದು ರೋಗವಲ್ಲ.

ಕ್ಷಾರೀಯ ನೀರಿನ ನಿಜವಾದ ಅಪಾಯ ಅಮೋನಿಯ. ಇದನ್ನು ಅಂಗಡಿಯವರು ಹೇಳಿದ್ದನ್ನು ನಾನು ಕೇಳಿಲ್ಲ. ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯದಲ್ಲಿ ವಿಷಕಾರಿ ರೂಪದ ಪಾಲು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 7 ಇದ್ದಾಗ ಶೇ 1ಕ್ಕಿಂತ ಕಡಿಮೆಯಿದ್ದರೆ, ಪಿಎಚ್ 8 ಆದಾಗ ಶೇ 5ನ್ನು ದಾಟುತ್ತದೆ. ಮೆದು ನೀರಿನಲ್ಲಿ ಹೇಗೋ ನಡೆದುಹೋಗುವ ಅತಿಯಾದ ಆಹಾರ, ಹೊಸ ತೊಟ್ಟಿಗೆ ಒಂದೇ ದಿನ ಎಲ್ಲ ಮೀನುಗಳನ್ನು ಬಿಡುವ ಅವಸರ, ಅಮೋನಿಯವನ್ನು ನಿವಾರಿಸುವ ಬ್ಯಾಕ್ಟೀರಿಯಾಗಳಿರುವ ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಉಜ್ಜಿ ತೊಳೆಯುವ ಅಭ್ಯಾಸ ನಮ್ಮ ಕಡೆ ಮೀನಿನ ಜೀವಕ್ಕೇ ಎರವಾಗುತ್ತವೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ನಮ್ಮ ಜಿಲ್ಲೆಯಲ್ಲಿ ಬ್ಯಾಟರಿಯಿಂದ ನಡೆಯುವ ಏರ್ ಪಂಪ್ ಮತ್ತು ಅದಕ್ಕೆ ಜೋಡಿಸಿದ ಸ್ಪಂಜ್ ಫಿಲ್ಟರ್, ಪಿಎಚ್ ಇಳಿಸುವ ಆ ಬಾಟಲಿಗಿಂತ ಎಷ್ಟೋ ಪಾಲು ಉಪಯುಕ್ತ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಬೇಕು, ಮೀನು ಕಮ್ಮಿ ಬಿಡಬೇಕು. ಅಲಂಕಾರಕ್ಕೆ ಇಡುವ ಕಲ್ಲಿನ ಮೇಲೆ ವಿನೆಗರ್ ಹನಿಸಿದಾಗ ನೊರೆ ಬಂದರೆ ಅದು ಗಡಸುತನವನ್ನು ಇನ್ನಷ್ಟು ಏರಿಸುವ ಕಲ್ಲೆಂದು ತಿಳಿದು ಹೊರಗಿಡಬೇಕು.

ಒರಿನೊಕೊ ನದಿ ಬಯಲಿನ ನೀಲಿ ರ‍್ಯಾಮ್ ಮೇಲೆಯೇ ಮನಸ್ಸಿದ್ದವರಿಗೂ ದಾರಿಯಿದೆ. ಅದಕ್ಕೆ ಮೆದು ನೀರು ಬೇಕು, 27ರಿಂದ 30 ಡಿಗ್ರಿ ಬಿಸಿಯೂ ಬೇಕು, ಅಂದರೆ ನಮ್ಮ ಚಳಿಗೆ ಹೀಟರ್ ಇಲ್ಲದೆ ಸಾಧ್ಯವೇ ಇಲ್ಲ. ಮೆದು ನೀರನ್ನು ಮಳೆಯೇ ಧಾರಾಳವಾಗಿ ಕೊಡುತ್ತದೆ. ಮೊದಲ ಕೆಲವು ಮಳೆಗೆ ಮಾಡು ತೊಳೆದುಹೋಗಲು ಬಿಟ್ಟು, ಬಳಿಕ ಹೆಂಚಿನ ಮಾಡಿನಿಂದ ಹಿಡಿದ ನೀರನ್ನು ಕೊಳವೆಬಾವಿಯ ನೀರಿನೊಂದಿಗೆ ಅರ್ಧಕ್ಕರ್ಧ ಬೆರೆಸಿದರೆ ಗಡಸುತನವೂ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಈ ಬದಲಾವಣೆಯನ್ನು ವಾರಗಳ ಮೇಲೆ ನಿಧಾನವಾಗಿ ಮಾಡಬೇಕು. ಕಾಫಿ ತೋಟದ ನಡುವೆ ಮನೆಯಿರುವವರು ಒಂದು ಎಚ್ಚರಿಕೆ ವಹಿಸಬೇಕು: ಬೋರ್ಡೊ ದ್ರಾವಣಕ್ಕೆ ಬಳಸಿದ ಡ್ರಮ್ಮಿನಲ್ಲಾಗಲಿ, ಸಿಂಪಡಣೆ ನಡೆಯುತ್ತಿರುವ ದಿನಗಳಲ್ಲಾಗಲಿ ಮಳೆನೀರು ಹಿಡಿಯಬಾರದು. ಆ ದ್ರಾವಣದ ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ವಿಷ, ಅದರಲ್ಲೂ ಮೆದು ನೀರಿನಲ್ಲಿ ಅದರ ಉಗ್ರತೆ ಹೆಚ್ಚು. ತಗಡಿನ ಮಾಡಿನ ಸತುವಿಗೂ ಇದೇ ಮಾತು ಅನ್ವಯಿಸುತ್ತದೆ.

ಕ್ರಿಬೆನ್ಸಿಸ್ ನಮ್ಮ ನೀರಿನಲ್ಲಿ ಸಲೀಸಾಗಿ ಮರಿ ಮಾಡುವುದರಿಂದ ಹೆಚ್ಚಾದ ಮರಿಗಳನ್ನು ಏನು ಮಾಡುವುದೆಂಬ ಪ್ರಶ್ನೆ ಬಂದೇ ಬರುತ್ತದೆ. ಬೇರೆ ಹವ್ಯಾಸಿಗಳಿಗೆ ಕೊಡಿ, ಅಂಗಡಿಗೆ ಮರಳಿಸಿ, ಆದರೆ ತೋಟದ ಕೆರೆಗೋ ಹಾರಂಗಿ, ಕಾವೇರಿಗೋ ದಯವಿಟ್ಟು ಬಿಡಬೇಡಿ. ಹೊರಗಿನಿಂದ ಬಂದ ತಿಲಾಪಿಯಾ ಕಾವೇರಿಯಲ್ಲಿ ಈಗಾಗಲೇ ನೆಲೆಯೂರಿದೆ. ಈ ನದಿಯಲ್ಲಲ್ಲದೆ ಬೇರೆಲ್ಲೂ ಇಲ್ಲದ ಡುಬ್ಬದ ಮಹಶೀರ್ ಅಳಿವಿನ ಅಂಚಿಗೆ ಬಂದು ನಿಂತಿದೆ.

ಜಿಲ್ಲೆಯ ಅಕ್ವೇರಿಯಂ ಅಂಗಡಿಗಳವರು ಪ್ರತಿ ತೊಟ್ಟಿಯ ಮೇಲೆ ಮೀನಿನ ಹೆಸರು ಹಾಗೂ ಬೆಲೆಯ ಜೊತೆಗೆ ಅದು ಈಗ ಇರುವ ನೀರಿನ ಪಿಎಚ್, ಗಡಸುತನ ಮತ್ತು ಉಷ್ಣತೆಯನ್ನೂ ಬರೆದಿಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಕೊಳ್ಳುವವರು ತಮ್ಮ ಮನೆಯ ನೀರನ್ನು ಒಂದು ಬಾಟಲಿಯಲ್ಲಿ ಒಯ್ದರೆ ಅದನ್ನು ಅಲ್ಲಿಯೇ ಪರೀಕ್ಷಿಸಿಕೊಡುವ ವ್ಯವಸ್ಥೆಯೂ ಇರಲಿ.

ಇತಿ,
ಅಕ್ವೇರಿಯಂ ಹವ್ಯಾಸಿಯೊಬ್ಬರು,
ಕುಶಾಲನಗರ, ಕೊಡಗು ಜಿಲ್ಲೆ